ವರ್ಷದ ಆಟಗಾರ್ತಿ

(ಶಾಲೆಯ ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ನನಗೆ ಹತ್ತು ನಿಮಿಷ ಕೊಟ್ಟಿದ್ದಾರೆ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವವನು ಕಂಪ್ಯೂಟರ್ ಬಗ್ಗೆ ಮಾತಾಡುತ್ತಾನೆ ಎಂದು ನೀವು ಅಂದುಕೊಂಡಿರಬಹುದು. ನಾನು ಮಾತಾಡುವುದು ಫುಟ್‌ಬಾಲ್ ಬಗ್ಗೆ, ಅದರಲ್ಲೂ ಹೆಣ್ಣುಮಕ್ಕಳ ಫುಟ್‌ಬಾಲ್‌ನಲ್ಲಿ ವರ್ಷಕ್ಕೊಮ್ಮೆ ಕೊಡುವ ಅತ್ಯುತ್ತಮ ಆಟಗಾರ್ತಿ ಪ್ರಶಸ್ತಿಯ ಬಗ್ಗೆ. ಈ ಸಮಾರಂಭದ ನೆನಪಿಗೆ ಶಾಲೆಗೆ ಏನಾದರೂ ಕೊಡಬೇಕೆಂದು ನಮ್ಮ ಬ್ಯಾಚಿನವರು ವಾಟ್ಸಾಪ್ ಗುಂಪಿನಲ್ಲಿ ಎರಡು ತಿಂಗಳು ಚರ್ಚೆ ಮಾಡಿದೆವು. ಗೋಡೆ ಗಡಿಯಾರ, ಬೀರು, ಸರಸ್ವತಿ ವಿಗ್ರಹ ಎಲ್ಲ ಬಂದು ಹೋದವು. ಕೊನೆಗೆ ಹೆಣ್ಣುಮಕ್ಕಳ ಫುಟ್‌ಬಾಲ್‌ಗೆ ಒಂದು ವಾರ್ಷಿಕ ಪ್ರಶಸ್ತಿ ಇಡೋಣ ಎಂದಾಯಿತು. ಸೂಚಿಸಿದವನು ನಾನೇ. ಯಾಕೆ ಸೂಚಿಸಿದೆ ಎಂಬುದನ್ನು ಗುಂಪಿನಲ್ಲಿ ಬರೆದಿರಲಿಲ್ಲ. ಇಲ್ಲಿ ಹೇಳುತ್ತೇನೆ.

2005ರ ಬೇಸಿಗೆ. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದಿತ್ತು. ನಾವು ಹುಡುಗರೇ ಸೇರಿ ಮೂರು ಊರುಗಳ ನಡುವೆ ಒಂದು ಪಂದ್ಯಾವಳಿ ಇಟ್ಟುಕೊಂಡಿದ್ದೆವು. ಕೆರೆ ಒಣಗಿದ್ದರಿಂದ ಕೆರೆಯಂಗಳವೇ ಮೈದಾನ. ಗೋಲ್ ಪೋಸ್ಟಿಗೆ ಎರಡು ಬಿದಿರು ಗಳ. ಚೆಂಡು ನನ್ನದು. ಚೆಂಡು ಯಾರದೋ ನಾಯಕನೂ ಅವನೇ ಎಂಬ ಕಾನೂನು ನಿಮಗೆಲ್ಲ ಗೊತ್ತಿದೆ. ಫೈನಲ್ ದಿನ ನಮ್ಮ ಗೋಲ್‌ಕೀಪರ್ ನಾಪತ್ತೆ. ಅವನು ಮದುವೆಗೆಂದು ಮೈಸೂರಿಗೆ ಹೋಗಿದ್ದ. ಅವನ ತಂಗಿ ಬಂದು, ‘ನಾನು ನಿಂತ್ಕಂತೀನಿ’ ಎಂದಳು. ನನಗಿಂತ ಒಂದು ತರಗತಿ ಕೆಳಗೆ ಓದುತ್ತಿದ್ದವಳು. ಬೇರೆ ದಾರಿ ಇಲ್ಲದೆ ಒಪ್ಪಿದೆವು. ಎದುರು ತಂಡದವರು ತಕರಾರು ಮಾಡಬಾರದೆಂದು ಪಟ್ಟಿಯಲ್ಲಿ ಅಣ್ಣನ ಹೆಸರನ್ನೇ ಉಳಿಸಿದೆವು. ಅಣ್ಣನ ಪ್ಯಾಂಟು ಹಾಕಿಕೊಂಡು, ಜಡೆ ಮೇಲೆ ಕಟ್ಟಿಕೊಂಡು ಅವಳು ನಿಂತಳು.

ಪಂದ್ಯ 1-1 ಆಯಿತು. ಪೆನಾಲ್ಟಿಗೆ ಹೋಯಿತು. ಅವಳು ಎರಡು ಹೊಡೆತ ತಡೆದಳು. ಒಂದನ್ನು ಮೊಣಕೈಯಿಂದ ತಡೆದಾಗ ಚರ್ಮ ಕಿತ್ತು ರಕ್ತ ಬಂತು. ನಾವು ಗೆದ್ದೆವು.

ನನ್ನ ಅಕ್ಷರ ದುಂಡಗಿದೆ ಎಂದು ಪ್ರಶಸ್ತಿಪತ್ರ ಬರೆಯುವ ಕೆಲಸ ನನಗೇ ಕೊಟ್ಟಿದ್ದರು. ಡ್ರಾಯಿಂಗ್ ಹಾಳೆ, ಬಣ್ಣದ ಸ್ಕೆಚ್ ಪೆನ್. ‘ಅತ್ಯುತ್ತಮ ಆಟಗಾರ’ ಎಂಬ ಹಾಳೆಯಲ್ಲಿ ಹಿಂದಿನ ರಾತ್ರಿಯೇ ಹೆಸರು ಬರೆದಿಟ್ಟಿದ್ದೆ. ನನ್ನ ಹೆಸರು! ನಗಬೇಡಿ, ಆಗ ಅದು ತಪ್ಪೆಂದು ನನಗೆ ಅನಿಸಿರಲಿಲ್ಲ. ಗೋಲ್‌ಕೀಪರಿನ ಹಾಳೆ ಅವಳ ಅಣ್ಣನ ಹೆಸರಲ್ಲಿತ್ತು. ಎಲ್ಲ ಮುಗಿದ ಮೇಲೆ ಅವಳು ಬಂದು, ‘ನಂದೂ ಒಂದು ಬರ್ಕೊಡು, ನಾನೂ ಆಡ್ಲಿಲ್ವಾ?’ ಎಂದಳು. ಹಾಳೆ ಮುಗೀತು ಎಂದೆ. ಮುಗಿದಿರಲಿಲ್ಲ, ಒಂದು ಉಳಿದಿತ್ತು. ಅದರಲ್ಲಿ ಮಾರನೆಯ ದಿನ ಗಾಳಿಪಟ ಮಾಡಿದೆ.

ನನ್ನ ಪ್ರಶಸ್ತಿಪತ್ರಕ್ಕೆ ಅಮ್ಮ ಲ್ಯಾಮಿನೇಷನ್ ಮಾಡಿಸಿದ್ದಾರೆ. ಈಗಲೂ ಮನೆಯ ನಡುಮನೆಯಲ್ಲಿದೆ.

ಬೆಂಗಳೂರಿಗೆ ಹೋದ ಮೇಲೆ ಇದು ಮರೆತೇಹೋಗಿತ್ತು. 2020ರ ಫೆಬ್ರವರಿಯಲ್ಲಿ ಬೆಂಗಳೂರು ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಇಂಡಿಯನ್ ವಿಮೆನ್ಸ್ ಲೀಗ್ ಫೈನಲ್ ನಡೆಯಿತು. ಕೇರಳದ ಗೋಕುಲಂ ತಂಡ ಮಣಿಪುರದ ಕ್ರಿಫ್ಸಾ ತಂಡವನ್ನು 3-2ರಿಂದ ಸೋಲಿಸಿತು. ಸಹೋದ್ಯೋಗಿಯೊಬ್ಬರ ಒತ್ತಾಯಕ್ಕೆ ಹೋಗಿ ಕೂತಿದ್ದೆ. ನೇಪಾಳದ ಸಬಿತ್ರಾ ಭಂಡಾರಿ ಕೊನೆಯ ನಿಮಿಷಗಳಲ್ಲಿ ಗೆಲುವಿನ ಗೋಲು ಹೊಡೆದಾಗ ಎಲ್ಲರೂ ಎದ್ದು ನಿಂತರು. ನಾನು ಮಾತ್ರ ಆ ಕಡೆಯ ಗೋಲ್‌ಕೀಪರ್ ನೆಲದಿಂದ ಏಳುವುದನ್ನೇ ನೋಡುತ್ತಿದ್ದೆ. ಮೊಣಕೈ ಒರೆಸಿಕೊಳ್ಳುತ್ತಿದ್ದಳು.

ಅಂದಿನಿಂದ ಈ ಪ್ರಶಸ್ತಿಗಳ ಪಟ್ಟಿ ಓದುವ ಹುಚ್ಚು ಹಿಡಿಯಿತು. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ವರ್ಷದ ಆಟಗಾರ ಪ್ರಶಸ್ತಿಯನ್ನು ಗಂಡಸರಿಗೆ 1992ರಲ್ಲೇ ಶುರು ಮಾಡಿತ್ತು. ಹೆಂಗಸರ ಪಟ್ಟಿಯ ಮೊದಲ ಹೆಸರು 2001ರದು: ಮಣಿಪುರದ ಒಯ್ನಂ ಬೆಂಬೆಂ ದೇವಿ. 2013ರಲ್ಲಿ ಮತ್ತೆ ಅವರೇ. ಮುಂದೆ ಅರ್ಜುನ ಪ್ರಶಸ್ತಿ, ಪದ್ಮಶ್ರೀ ಎರಡೂ ಬಂದವು. ಅವರ ಬಗ್ಗೆ ಓದುತ್ತಾ ಒಂದು ಕಡೆ ನಿಂತುಬಿಟ್ಟೆ. ಚಿಕ್ಕಂದಿನಲ್ಲಿ ಹುಡುಗರ ತಂಡದಲ್ಲಿ ಆಡಲು ಅವರು ಹುಡುಗನ ಹೆಸರು ಹೇಳಿಕೊಳ್ಳುತ್ತಿದ್ದರಂತೆ. ನಮ್ಮ ಕೆರೆಯಂಗಳ ನೆನಪಾಯಿತು.

ಆಮೇಲಿನ ಹೆಸರುಗಳನ್ನೂ ಕೇಳಿ. ಬಾಲಾ ದೇವಿ ಮಣಿಪುರದವರು. 2020ರಲ್ಲಿ ಸ್ಕಾಟ್ಲೆಂಡಿನ ರೇಂಜರ್ಸ್ ಕ್ಲಬ್ ಸೇರಿದರು. ಸಸ್ಮಿತಾ ಮಲಿಕ್ ಒಡಿಶಾದವರು, ಸಂಜು ಯಾದವ್ ಹರಿಯಾಣದವರು. ಮನೀಷಾ ಕಲ್ಯಾಣ್ ಪಂಜಾಬಿನ ಹೋಶಿಯಾರ್‌ಪುರ ಜಿಲ್ಲೆಯ ಒಂದು ಹಳ್ಳಿಯವರು. 2021ರಲ್ಲಿ ಬ್ರೆಜಿಲ್ ವಿರುದ್ಧ ಬ್ರೆಜಿಲ್ಲಿನಲ್ಲೇ ಗೋಲು ಹೊಡೆದವರು. ಇಂದುಮತಿ ಕದಿರೇಶನ್ ಪಕ್ಕದ ತಮಿಳುನಾಡಿನವರು, ಪೊಲೀಸ್ ಸಬ್‌ಇನ್ಸ್‌ಪೆಕ್ಟರ್. 2024-25ರ ಪ್ರಶಸ್ತಿ ತೆಲಂಗಾಣದ ನಿಜಾಮಾಬಾದ್ ಜಿಲ್ಲೆಯ ಸೌಮ್ಯಾ ಗುಗುಲೋತ್ ಅವರಿಗೆ. ಕರ್ನಾಟಕದ ಹೆಸರು ಈ ಪಟ್ಟಿಯಲ್ಲಿ ಒಂದೂ ಇಲ್ಲ. ಬೆಂಗಳೂರಿನ ಕಿಕ್‌ಸ್ಟಾರ್ಟ್ ತಂಡ 2023ರಲ್ಲಿ ಇದೇ ಲೀಗಿನ ಫೈನಲ್‌ವರೆಗೂ ಹೋಗಿತ್ತು. ಹಾಗಾಗಿ ನಮ್ಮಲ್ಲಿ ಆಟ ಇಲ್ಲವೇ ಇಲ್ಲ ಎನ್ನುವಂತಿಲ್ಲ.

ಹೊರಗಿನ ದೇಶದವರು ಇದರಲ್ಲಿ ಬಹಳ ಮುಂದಿದ್ದಾರೆ ಅಂದುಕೊಳ್ಳಬೇಡಿ. ಇಂಗ್ಲೆಂಡಿನಲ್ಲಿ 1920ರಲ್ಲೇ ಒಂದು ಹೆಂಗಸರ ಪಂದ್ಯಕ್ಕೆ 53,000 ಜನ ಸೇರಿದ್ದರು. ಮಾರನೆಯ ವರ್ಷವೇ ಅಲ್ಲಿನ ಫುಟ್‌ಬಾಲ್ ಸಂಸ್ಥೆ ತನ್ನ ಕ್ಲಬ್ಬುಗಳ ಮೈದಾನಗಳನ್ನು ಅವರಿಗೆ ಮುಚ್ಚಿತು. ಸುಮಾರು ಐವತ್ತು ವರ್ಷ ಹಾಗೇ ಇತ್ತು. ಬ್ರೆಜಿಲ್ಲಿನಲ್ಲಿ 1941ರಿಂದ 1979ರವರೆಗೆ ಕಾನೂನಿನಲ್ಲೇ ನಿಷೇಧ. ನಿಷೇಧ ತೆಗೆದ ಏಳು ವರ್ಷಕ್ಕೆ ಅಲ್ಲಿನ ಒಂದು ಸಣ್ಣ ಊರಿನಲ್ಲಿ ಮಾರ್ತಾ ಹುಟ್ಟಿದರು. ವಿಶ್ವದ ಅತ್ಯುತ್ತಮ ಆಟಗಾರ್ತಿ ಎಂದು ಫಿಫಾ ಅವರನ್ನು ಆರು ಸಲ ಆರಿಸಿತು. ಈಗ ಹೆಂಗಸರ ಫುಟ್‌ಬಾಲ್‌ನ ಅತ್ಯುತ್ತಮ ಗೋಲಿಗೆ ಅವರ ಹೆಸರಲ್ಲೇ ಪ್ರಶಸ್ತಿ ಇದೆ; 2024ರಲ್ಲಿ ಮೊದಲ ಮಾರ್ತಾ ಪ್ರಶಸ್ತಿ ಮಾರ್ತಾಗೇ ಬಂತು!

ಗಂಡಸರಿಗೆ 1956ರಿಂದ ಕೊಡುತ್ತಿದ್ದ ಬಾಲನ್ ಡಿ’ಓರ್ ಎಂಬ ಚಿನ್ನದ ಚೆಂಡು ಹೆಂಗಸರಿಗೆ ಬಂದದ್ದು 2018ರಲ್ಲಿ. ಮೊದಲು ಪಡೆದವರು ನಾರ್ವೆಯ ಅದಾ ಹೆಗರ್‌ಬರ್ಗ್. ಅಂಥ ವೇದಿಕೆಯಲ್ಲಿ ನಿರೂಪಕ ಅವರನ್ನು ಕೇಳಿದ್ದು ಆಟದ ಬಗ್ಗೆ ಅಲ್ಲ, ಸೊಂಟ ಕುಣಿಸುವ ಒಂದು ಕುಣಿತ ಬರುತ್ತದೆಯೇ ಎಂದು. ಅವರು ಇಲ್ಲ ಎಂದು ಹೇಳಿ ತಿರುಗಿಕೊಂಡರು. ಇತ್ತೀಚೆಗೆ 2023, 2024, 2025 ಮೂರು ವರ್ಷವೂ ಆ ಚೆಂಡು ಸ್ಪೇನಿನ ಐತಾನಾ ಬೊನ್ಮಾಟಿ ಅವರದು.

ನನ್ನ ಕೆಲಸ ಕಂಪ್ಯೂಟರಿನಲ್ಲಿ ದಾಖಲೆ ಜೋಡಿಸುವುದು. ಒಳಗೆ ಒಂದು ಸಾಲು ಬರೆಯದೇ ಇದ್ದರೆ ಎಷ್ಟು ಚುರುಕಾಗಿ ಹುಡುಕಿದರೂ ಅದು ಹೊರಗೆ ಬರುವುದಿಲ್ಲ. ಫಿಫಾ ಪ್ರಶಸ್ತಿಗೆ ದೇಶಗಳ ನಾಯಕಿಯರು, ಕೋಚ್‌ಗಳು, ಪತ್ರಕರ್ತರು, ಅಭಿಮಾನಿಗಳು ಮತ ಹಾಕುತ್ತಾರೆ. ಆದರೆ ಅವರ ಮುಂದೆ ಬರುವುದು ಯಾರೋ ನೋಡಿ, ಲೆಕ್ಕ ಇಟ್ಟ ಆಟ ಮಾತ್ರ. ನಮ್ಮ ಕೆರೆಯಂಗಳದ ಲೆಕ್ಕ ಇಟ್ಟವನು ನಾನು, ಮತ್ತು ಆ ಲೆಕ್ಕ ಸುಳ್ಳು.

ಈಗ ನಮ್ಮ ಪ್ರಶಸ್ತಿಯ ವಿಷಯ. ನಿವೃತ್ತರಾಗಿರುವ ಗುರುಗಳೊಬ್ಬರಿಗೆ ಫೋನ್ ಮಾಡಿ ಹೇಳಿದೆ. ಅವರು, ‘ಲೋ, ಪ್ರಶಸ್ತಿ ಇಡ್ತೀಯ ಸರಿ, ಆಡೋರು ಎಲ್ಲವ್ರೆ?’ ಎಂದರು. ಬೆವರಿಬಿಟ್ಟೆ. ನಮ್ಮ ಹೆಣ್ಣುಮಕ್ಕಳು ಕೊಕ್ಕೊ, ಥ್ರೋಬಾಲ್, ಕಬಡ್ಡಿ ಚೆನ್ನಾಗಿ ಆಡುತ್ತಾರೆ. ಫುಟ್‌ಬಾಲ್ ತಂಡ ಇನ್ನೂ ಇಲ್ಲ. ಫಿಫಾ ಕೂಡ 1991ರಲ್ಲಿ ಹೆಂಗಸರ ವಿಶ್ವಕಪ್ ನಡೆಸಿ, ಹತ್ತು ವರ್ಷದ ನಂತರ ಪ್ರಶಸ್ತಿ ಶುರು ಮಾಡಿತು. ನಾನು ಬಾಲದಿಂದ ಶುರು ಮಾಡಲು ಹೊರಟಿದ್ದೆ.

ಆದ್ದರಿಂದ ಗೆಳೆಯರು ಬೇಸರ ಮಾಡಿಕೊಳ್ಳಬಾರದು, ಬ್ಯಾಚಿನ ಹೆಸರು ಕೆತ್ತಿಸಿದ ಆ ದೊಡ್ಡ ಶೀಲ್ಡ್ ಈಗ ಬೇಡ. ಸೇರಿಸಿದ ಹಣದಲ್ಲಿ ಮೊದಲು ಚೆಂಡು, ಅಳತೆಗೆ ಸರಿಯಾದ ಶೂ, ಗೋಲ್‌ಕೀಪರಿಗೆ ಗ್ಲೌಸ್ ಮತ್ತು ಮೊಣಕೈ ಪಟ್ಟಿ ಕೊಳ್ಳೋಣ. ಸಂಜೆ ಅಭ್ಯಾಸ ಇಟ್ಟರೆ ಪಕ್ಕದ ಊರಿನ ಹುಡುಗಿಯರಿಗೆ ಬಸ್ಸು ತಪ್ಪುತ್ತದೆ, ಮನೆಯಲ್ಲಿ ಮಾರನೆಯ ದಿನ ಕಳಿಸುವುದಿಲ್ಲ. ಹಾಗಾಗಿ ಶಾಲೆಯ ವೇಳೆಯಲ್ಲೇ ವಾರಕ್ಕೆ ಎರಡು ಪೀರಿಯಡ್ ಮೈದಾನ ಪೂರ್ತಿ ಅವರಿಗೇ ಸಿಗಲಿ ಎಂದು ಮುಖ್ಯ ಗುರುಗಳಲ್ಲಿ ಕೇಳಿಕೊಳ್ಳುತ್ತೇನೆ. ಒಂದು ದಪ್ಪ ರಿಜಿಸ್ಟರ್ ತಂದಿದ್ದೇನೆ. ಯಾರು ಆಡಿದರು, ಯಾರು ಗೋಲು ಹೊಡೆದರು, ಯಾರು ತಡೆದರು, ಪ್ರತಿ ಪಂದ್ಯದ್ದೂ ಅದರಲ್ಲಿ ಬರೆಯಲಿ. ಬರೆಯುವವರೂ ಹುಡುಗಿಯರೇ ಆಗಿರಲಿ. ಮೂರನೆಯ ವರ್ಷ ಅದನ್ನು ನೋಡಿ ವರ್ಷದ ಆಟಗಾರ್ತಿ ಯಾರೆಂದು ಆಡಿದವರೇ ಮತ ಹಾಕಲಿ. ಬೆಂಗಳೂರಿನಲ್ಲಿ ಕೂತ ನಮಗೆ ಅದರಲ್ಲಿ ಮತ ಬೇಡ.

ಹೋದ ವಾರ ಆ ಗೋಲ್‌ಕೀಪರಿಗೆ ಫೋನ್ ಮಾಡಿದ್ದೆ. ಈಗ ಚನ್ನರಾಯಪಟ್ಟಣದ ಕಡೆ ಇದ್ದಾಳೆ, ಮಗಳು ಏಳನೇ ತರಗತಿ. ಹಾಳೆ ಉಳಿದಿತ್ತು ಎಂದು ಹೇಳಿದೆ. ‘ಗೊತ್ತಿತ್ತು ಬುಡು, ಗಾಳಿಪಟ ಹಾರ್ಸಿದ್ದು ನೋಡಿದ್ದೆ’ ಎಂದಳು. ಸಮಾರಂಭಕ್ಕೆ ಕರೆದೆ, ಬರಲಿಲ್ಲ. ವೇದಿಕೆ ಮೇಲೆ ಹೆಸರು ಹೇಳಬೇಡ ಎಂದಳು, ಹೇಳುವುದಿಲ್ಲ. ರಿಜಿಸ್ಟರಿನಲ್ಲಿ ಬರೆಯಬಹುದೇ ಎಂದು ಕೇಳಿದ್ದಕ್ಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಎರಡು ತಡೆದೆ ಅಂತಾನೂ ಬರಿ’ ಎಂದಳು. ಮೊದಲ ಪುಟದಲ್ಲಿ ಬರೆದಿದ್ದೇನೆ.

ರಿಜಿಸ್ಟರನ್ನು ಈಗ ದೈಹಿಕ ಶಿಕ್ಷಕರಿಗೆ ಕೊಡುತ್ತೇನೆ.