ಮಗ ಎಷ್ಟು ಹೊತ್ತಿಗೆ ಬರ್ತಾನೆ?

ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಎಷ್ಟು ದೂರ ಅಂತ ಮೊಬೈಲನ್ನ ಕೇಳಿ. ಥಟ್ ಅಂತ ಹೇಳುತ್ತೆ, ಸುಮಾರು 14 ಸಾವಿರ ಕಿಲೋಮೀಟರ್. ವಿಮಾನದ ವೇಗ ಗಂಟೆಗೆ 900 ಅಂತ ಹಿಡಿದು ಭಾಗಿಸಿದ್ರೆ ಹದಿನೈದೂವರೆ ಗಂಟೆ. ಲೆಕ್ಕ ಮುಗೀತಾ? ಇಲ್ಲ ಸ್ವಾಮಿ, ಶುರುವಾಗೋದೇ ಇಲ್ಲಿಂದ.

ಗೋಡೆ ಮೇಲಿನ ಭೂಪಟ ನೋಡಿದ್ರೆ ಪೆಸಿಫಿಕ್ ಸಾಗರ ದಾಟಿ ಹೋಗೋದೇ ನೇರ ದಾರಿ ಅನ್ಸುತ್ತೆ. ಆದರೆ ಒಂದು ಗ್ಲೋಬ್ ತಗೊಂಡು ಎರಡೂ ಊರಿನ ನಡುವೆ ದಾರ ಬಿಗಿದು ಹಿಡೀರಿ. ದಾರ ಹೋಗಿ ಕೂರೋದು ಉತ್ತರ ಧ್ರುವದ ಹತ್ತಿರ! 2021ರ ಜನವರಿಯಲ್ಲಿ ಏರ್ ಇಂಡಿಯಾದ ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ಅವರ ಜೊತೆಗಿದ್ದ ಮಹಿಳಾ ಪೈಲಟ್‌ಗಳು ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟು, ಧ್ರುವದ ಮೇಲೇ ಹಾದು ದೇವನಹಳ್ಳಿಗೆ ಬಂದಿಳಿದದ್ದು ನೆನಪಿರಬೇಕಲ್ಲ? ಆಗ ಹಿಡಿದದ್ದು ಸುಮಾರು 17 ಗಂಟೆ.

ಸರಿ, ದಾರಿ ಗೊತ್ತಾಯ್ತು. ಆ ದಾರಿಯ ಕೆಳಗೆ ಯಾರ ನೆಲ ಇದೆ? 2022ರಲ್ಲಿ ಉಕ್ರೇನ್ ಯುದ್ಧ ಶುರುವಾದ ಮೇಲೆ ಅಮೆರಿಕದ ವಿಮಾನಗಳಿಗೆ ರಷ್ಯಾದ ಆಕಾಶ ಬಂದ್. ನಮ್ಮ ವಿಮಾನಗಳಿಗೆ ಬಂದ್ ಆಗಲಿಲ್ಲ. ಲಾಭವೇ ಅಲ್ವಾ ಅಂತೀರಿ. 2023ರ ಜೂನ್‌ನಲ್ಲಿ ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟಿದ್ದ ಏರ್ ಇಂಡಿಯಾ ವಿಮಾನದ ಎಂಜಿನ್‌ನಲ್ಲಿ ತೊಂದರೆ ಕಾಣಿಸಿಕೊಂಡು, ಅದು ರಷ್ಯಾದ ದೂರದ ಪೂರ್ವ ತುದಿಯ ಮಗದಾನ್‌ನಲ್ಲಿ ಇಳೀತು. 216 ಪ್ರಯಾಣಿಕರು! ಊರಲ್ಲಿ ಅಷ್ಟು ಜನಕ್ಕೆ ಹೋಟೆಲ್ ಇಲ್ಲ. ಎಷ್ಟೋ ಜನ ಶಾಲೆಯಲ್ಲಿ, ಹಾಸ್ಟೆಲ್‌ನಲ್ಲಿ ನೆಲದ ಮೇಲೆ ಹಾಸಿಗೆ ಹಾಕ್ಕೊಂಡು ಮಲಗಿದ್ರು. ಮುಂಬೈಯಿಂದ ಬೇರೆ ವಿಮಾನ ಹೋಗಿ ಅವರನ್ನ ಕರ್ಕೊಂಡು ಹೊರಡೋ ಹೊತ್ತಿಗೆ ಎರಡು ದಿನ.

2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ತನ್ನ ಆಕಾಶ ಮುಚ್ಚಿತು. ದೆಹಲಿಯಿಂದ ಅಮೆರಿಕಕ್ಕೆ ಹೊರಟ ಕೆಲವು ವಿಮಾನಗಳು ಸುತ್ತು ಹಾಕಿ, ಎಣ್ಣೆ ಸಾಲದೆ ವಿಯೆನ್ನಾದಲ್ಲಿ ಇಳಿದು ತುಂಬಿಸಿಕೊಳ್ಳಬೇಕಾಯ್ತು. ಊರುಗಳು ಇದ್ದಲ್ಲೇ ಇವೆ, ಕಿಲೋಮೀಟರ್ ಮಾತ್ರ ಜಾಸ್ತಿ ಆಯ್ತು.

ಗಡಿಯಾರದ್ದು ಇನ್ನೊಂದು ತಮಾಷೆ. ಬೇಸಿಗೆಯಲ್ಲಿ ನಮಗೂ ಅವರಿಗೂ ಹನ್ನೆರಡೂವರೆ ಗಂಟೆ ಅಂತರ, ಚಳಿಗಾಲದಲ್ಲಿ ಹದಿಮೂರೂವರೆ. ಬೇಸಿಗೆಯಲ್ಲಿ ಮಧ್ಯಾಹ್ನ ಎರಡಕ್ಕೆ ಇಲ್ಲಿಂದ ಹೊರಟು 16 ಗಂಟೆ ಹಾರಿದ್ರೂ ಅಲ್ಲಿ ಅದೇ ದಿನ ಸಂಜೆ ಐದೂವರೆ. ಬರುವಾಗ ಅದೇ ಎರಡಕ್ಕೆ ಹತ್ತಿ 17 ಗಂಟೆ ಕೂತ್ರೆ ಇಲ್ಲಿ ಮರುದಿನ ರಾತ್ರಿ ಏಳೂವರೆ.

ಯಾಕಿಷ್ಟು ಲೆಕ್ಕ ಹೇಳ್ತಿದ್ದೀನಿ ಅಂದ್ರೆ, ಕರ್ನಾಟಕದ ಎಷ್ಟೋ ಮನೆಗಳಲ್ಲಿ ಇದು ಪ್ರವಾಸದ ಲೆಕ್ಕ ಅಲ್ಲ. ಮೈಸೂರಲ್ಲಿ ಅಪ್ಪ ಹೋಗಿಬಿಟ್ಟಿದ್ದಾರೆ. ಫ್ರೀಜರ್ ಬಾಕ್ಸ್ ಬಾಡಿಗೆಗೆ ಬಂದಿದೆ. ನೆಂಟರು ಕೇಳ್ತಿರ್ತಾರೆ, ಮಗ ಎಷ್ಟು ಹೊತ್ತಿಗೆ ಬರ್ತಾನೆ? ಯಾರೋ ಮೊಬೈಲ್ ನೋಡಿ ಹದಿನಾರು ಗಂಟೆ ಅಂದುಬಿಡ್ತಾರೆ. ನೇರ ವಿಮಾನ ಇದ್ದು, ಅದರಲ್ಲಿ ಸೀಟೂ ಸಿಕ್ಕಿದ್ರೆ ತಾನೇ ಅದು? ದುಬೈನಲ್ಲೋ ಫ್ರಾಂಕ್‌ಫರ್ಟ್‌ನಲ್ಲೋ ವಿಮಾನ ಬದಲಿಸೋದಾದ್ರೆ 20 ಗಂಟೆ ದಾಟುತ್ತೆ. ದಯವಿಟ್ಟು ಆ ಹುಡುಗ ಟಿಕೆಟ್ ನೋಡಿ ಹೇಳಿದ ಸಮಯವನ್ನೇ ನಂಬಿ, ಅದರ ಪ್ರಕಾರ ಪುರೋಹಿತರಿಗೆ ಹೇಳಿ. ದೇವನಹಳ್ಳಿಯಿಂದ ಮೈಸೂರಿಗೆ ಮತ್ತೆ ನಾಲ್ಕು ಗಂಟೆ. ಹೆಬ್ಬಾಳದ ಟ್ರಾಫಿಕ್ಕನ್ನ ನೀವೇ ಸೇರಿಸ್ಕೊಳ್ಳಿ.