ಕಣ್ಣೀರಿನ ಚಿತ್ರ

ಸಿನಿಮಾ ನೋಡಿ ಅಳುವವರನ್ನು ಕಂಡು ನಗುವವರು ಮನೆಗೊಬ್ಬರಾದರೂ ಇರುತ್ತಾರೆ. "ಅದೆಲ್ಲ ಬರಿಯ ನಟನೆ, ಅದಕ್ಕೇಕೆ ಸೆರಗು ಒದ್ದೆ ಮಾಡಿಕೊಳ್ಳುತ್ತೀಯೆ?" ಎಂದು ಯಜಮಾನರು ಕೇಳುತ್ತಾರೆ, ಕೇಳುವಾಗ ಅವರ ಗಂಟಲೂ ಕೊಂಚ ಕಟ್ಟಿರುತ್ತದೆ! ಆದ್ದರಿಂದ ಅಳುವುದು ಸರಿಯೇ ತಪ್ಪೇ ಎಂಬ ಚರ್ಚೆಗಿಂತ, ನಾವು ಅಳುವುದು ಯಾರಿಗಾಗಿ ಎಂದು ವಿಚಾರಮಾಡುವುದು ಮೇಲು.

ಉದಾಹರಣೆಗೆ 1972ರ ಡಿಸೆಂಬರಿನಲ್ಲಿ ತೆರೆಕಂಡ 'ನಾಗರಹಾವು' ಚಿತ್ರವನ್ನೇ ತೆಗೆದುಕೊಳ್ಳಿ. ತ.ರಾ.ಸು. ಅವರ 'ನಾಗರಹಾವು', 'ಒಂದು ಗಂಡು ಎರಡು ಹೆಣ್ಣು', 'ಸರ್ಪಮತ್ಸರ' ಎಂಬ ಮೂರು ಕಾದಂಬರಿಗಳನ್ನು ಹೆಣೆದು ಪುಟ್ಟಣ್ಣ ಕಣಗಾಲರು ಅದನ್ನು ನಿರ್ದೇಶಿಸಿದರು. ಚಿತ್ರದುರ್ಗದ ಕಲ್ಲುಬಂಡೆಗಳ ನಡುವೆ ಬೆಳೆದ ಕಾಲೇಜು ಹುಡುಗ ರಾಮಾಚಾರಿ. ಮುಂಗೋಪಿ, ಆದರೆ ಕಪಟವರಿಯದವನು. ಆ ಪಾತ್ರದಿಂದ ವಿಷ್ಣುವರ್ಧನ್ ಮನೆಮಾತಾದರು. ಕಾದಂಬರಿಕಾರರಿಗೆ ಮಾತ್ರ ಚಿತ್ರ ಒಪ್ಪಿಗೆಯಾಗಲಿಲ್ಲ. ನಾಗರಹಾವು ಕೇರೆಹಾವಾಯಿತೆಂದು ಅವರು ನೊಂದುಕೊಂಡರೆಂಬ ಮಾತು ಇಂದಿಗೂ ಪ್ರಚಲಿತವಾಗಿದೆ.

ಅವರ ಅಸಮಾಧಾನ ಅಕಾರಣವೆನ್ನಲಾಗದು. ಪುಸ್ತಕ ಓದುವಾಗ ನಾವು ಹುಡುಗನ ಮನಸ್ಸಿನೊಳಗೆ ಕುಳಿತಿರುತ್ತೇವೆ. ಬೇಕಾದಲ್ಲಿ ನಿಲ್ಲುತ್ತೇವೆ, ಹಿಂದಿನ ಪುಟ ತಿರುವುತ್ತೇವೆ. ತೆರೆಯ ಮೇಲಿನ ಕಥೆ ನಮಗಾಗಿ ಕಾಯುವುದಿಲ್ಲ. ಅಲ್ಲಿ ಮುಖವಿದೆ, ಸಂಗೀತವಿದೆ, ಕತ್ತಲಲ್ಲಿ ಜೊತೆಗೆ ಬಿಕ್ಕುವ ನೂರು ಜನರಿದ್ದಾರೆ. ವಿಚಾರಕ್ಕಿಂತ ಮೊದಲು ಕಣ್ಣೀರು ಬಂದುಬಿಡುತ್ತದೆ.

ಆದರೆ ಕಥೆಯನ್ನು ನೆನೆದು ನೋಡಿ. ಅಲ್ಲಿ ಕೇಡು ಬಂದದ್ದು ದುಷ್ಟನೊಬ್ಬನಿಂದಲ್ಲ. ಅಶ್ವತ್ಥರು ಅಭಿನಯಿಸಿದ ಚಾಮಯ್ಯ ಮೇಷ್ಟರು ಆ ಹುಡುಗನನ್ನು ಹೆತ್ತವರಿಗಿಂತ ಹೆಚ್ಚಾಗಿ ಪ್ರೀತಿಸಿದವರು. ಅವರ ಮಾತಿಗೆ ಕಟ್ಟುಬಿದ್ದು ರಾಮಾಚಾರಿ ಅಲಮೇಲುವನ್ನು ಬಿಟ್ಟುಕೊಟ್ಟ. ಆ ತ್ಯಾಗದ ಬೆಲೆ ತೆತ್ತವಳು ಅಲಮೇಲು. ಗಂಡನೆನಿಸಿಕೊಂಡವನೇ ಅವಳನ್ನು ಕೆಟ್ಟ ದಾರಿಗೆ ನೂಕಿದ. ಮುಂದೆ ಮಾರ್ಗರೆಟ್ಟಳ ವಿಷಯದಲ್ಲೂ ಮೇಷ್ಟರು ಅಡ್ಡ ನಿಂತರು. ಕೊನೆಗೆ ಬೆಟ್ಟದ ಮೇಲಿಂದ ಮೂರು ಜೀವಗಳು ಹೋದುವು. ಒಳ್ಳೆಯವರ ಒಳ್ಳೆಯ ಮಾತೇ ಇಷ್ಟೆಲ್ಲ ಅನಾಹುತಕ್ಕೆ ದಾರಿಯಾಯಿತು.

ಕನ್ನಡ, ತೆಲುಗು ಎರಡೂ ಕಿವಿಗೆ ಬೀಳುವ ಶಿಡ್ಲಘಟ್ಟದ ಸೀಮೆಗೆ, ದಿಬ್ಬೂರಹಳ್ಳಿಯ ಕಡೆಗೆ, ಈ ಕಥೆ ಎರಡು ನುಡಿಯಲ್ಲೂ ಸಲ್ಲುತ್ತದೆ. 1974ರಲ್ಲಿ ಶೋಭನ್ ಬಾಬು ನಟಿಸಿದ 'ಕೋಡೆನಾಗು' ಇದರದೇ ತೆಲುಗು ರೂಪ. ಆ ಸೀಮೆಯ ರೇಷ್ಮೆ ಬೆಳೆಗಾರರು ಒಂದು ಸಂಗತಿಯನ್ನು ಚೆನ್ನಾಗಿ ಬಲ್ಲರು. ಹುಳು ಗೂಡು ಕಟ್ಟುವುದಕ್ಕೆ ಮುಂಚೆ ನಾಲ್ಕು ಬಾರಿ ಜ್ವರಕ್ಕೆ ಕೂರುತ್ತದೆ, ಪೊರೆ ಬಿಡುತ್ತದೆ. ಆಗ ಯಾರೂ ಅದಕ್ಕೆ ಸೊಪ್ಪು ಹಾಕುವುದಿಲ್ಲ, ಕದಲಿಸುವುದೂ ಇಲ್ಲ. ಗಾಳಿಬೆಳಕು ನೋಡಿಕೊಂಡು, ಹುಳು ಏಳುವವರೆಗೆ ಕಾಯುತ್ತಾರೆ. ಹಾಗೆಂದು ಅದನ್ನು ಮರೆತರೆಂದು ಅರ್ಥವಲ್ಲ. ಕಾಯುವುದೂ ಸಾಕುವ ಕೆಲಸವೇ.

ಹದಿನೇಳು ಹದಿನೆಂಟರ ಪ್ರಾಯವೂ ಅಂಥದೊಂದು ಜ್ವರ. ಹುಡುಗ ಹುಡುಗಿ ಕೇಳಿದ್ದನ್ನೆಲ್ಲ ಕೂಡಲೇ ಕೊಟ್ಟುಬಿಡಿ ಎಂದು ನಾನು ಹೇಳುತ್ತಿಲ್ಲ. ಓದು ಮುಗಿಯಲಿ, ನಾಲ್ಕು ಕಾಲ ಕಳೆಯಲಿ ಎನ್ನುವುದು ಹಿರಿಯರ ಹಕ್ಕು. ಆದರೆ ಆಣೆ ಹಾಕಿಸಿ, ಋಣ ನೆನಪಿಸಿ, ಒಂದೇ ಸಂಜೆಯಲ್ಲಿ ಅವರ ಬಾಳನ್ನು ತೀರ್ಮಾನಿಸುವುದು ಹಕ್ಕಲ್ಲ.

ಆದ್ದರಿಂದ ಇಂಥ ಚಿತ್ರಕ್ಕೆ ಹೋದಾಗ ಸಂಕೋಚಪಡದೆ ಅಳಿರಿ. ಮನೆಗೆ ಬಂದ ಮೇಲೆ, ಕಾಲೇಜಿಗೆ ಹೋಗುವ ಮಗನೋ ಮಗಳೋ ಏನನ್ನೋ ಹೇಳಲು ಬಾಯಿ ತೆರೆದರೆ, ಪೂರ್ತಿ ಕೇಳುವವರೆಗೆ ಉತ್ತರ ಕೊಡಬೇಡಿ. ತೆರೆಯ ಮೇಲಿನ ರಾಮಾಚಾರಿಗೆ ನಮ್ಮ ಕಣ್ಣೀರಿನಿಂದ ಆಗಬೇಕಾದದ್ದೇನೂ ಇಲ್ಲ. ಮನೆಯಲ್ಲಿರುವ ಮಕ್ಕಳಿಗೆ ನಮ್ಮ ಕಿವಿಯಿಂದ ಆಗಬೇಕಾದದ್ದು ಬಹಳವಿದೆ.