ಲಾರಿಯಲ್ಲಿ ಹೆಚ್ಚುವರಿ ಡೀಸೆಲ್: ಎಷ್ಟು, ಯಾವುದರಲ್ಲಿ, ಎಲ್ಲಿ?

(ರಜತ ಮಹೋತ್ಸವದ ಸದಸ್ಯರ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಸಂಘ ನಡೆದುಬಂದ ದಾರಿಯ ಬಗ್ಗೆ ಹಿರಿಯರು ಆಗಲೇ ಹೇಳಿದ್ದಾರೆ. ನಾನು ಎಸ್ಸೆಸ್ಸೆಲ್ಸಿ ಓದಿದ ರೈತ. ಒಂದೇ ವಿಷಯ ಹೇಳಿ ಕೂತ್ಕೋತೀನಿ.

ಸುಗ್ಗಿ ಬಂತೆಂದರೆ ನಮ್ಮ ಮೆಣಸಿನಕಾಯಿ ಬ್ಯಾಡಗಿಗೆ, ಈರುಳ್ಳಿ ಯಶವಂತಪುರಕ್ಕೆ ಲಾರಿ ಏರ್ತದೆ. ಎಷ್ಟೋ ಲಾರಿಗಳಲ್ಲಿ ಡ್ರೈವರ್ ಸೀಟಿನ ಹಿಂದೆ ಡೀಸೆಲ್ ಕ್ಯಾನು ಇರ್ತದೆ. ಅದರ ಪಕ್ಕದಲ್ಲೇ ಅಡುಗೆಯ ಸ್ಟೌ, ಮುಂದೆ ದೇವರ ಪಟಕ್ಕೆ ಊದಿನಕಡ್ಡಿ, ಕ್ಲೀನರ್ ಕೈಯಲ್ಲಿ ಬೀಡಿ. ಮಾಲಿನ ಜೊತೆ ಹೋಗುವ ನಮ್ಮ ಹುಡುಗರು ಮಲಗೋದೂ ಅಲ್ಲೇ.

ಕ್ಯಾನಿನಲ್ಲಿ ಡೀಸೆಲ್ ಒಯ್ಯುವುದೇ ಅಪರಾಧ ಅಂತ ಕೆಲವರು ಹೆದರಿಸ್ತಾರೆ. ಹಾಗಿಲ್ಲ. 1934ರ ಪೆಟ್ರೋಲಿಯಂ ಕಾಯ್ದೆಯಲ್ಲಿ ಡೀಸೆಲ್ ‘ಬಿ’ ವರ್ಗದ್ದು. ಒಬ್ಬರ ಬಳಿ ಒಂದು ಜಾಗದಲ್ಲಿ ಒಟ್ಟು 2,500 ಲೀಟರ್ ಮೀರದಿದ್ದರೆ, ಯಾವ ಪಾತ್ರೆಯೂ 1,000 ಲೀಟರಿಗಿಂತ ದೊಡ್ಡದಲ್ಲದಿದ್ದರೆ, ಸಾಗಿಸಲು, ಇಟ್ಟುಕೊಳ್ಳಲು ಲೈಸೆನ್ಸ್ ಬೇಕಿಲ್ಲ. ಲೈಸೆನ್ಸ್ ಬೇಡ ಅಂದ ಮಾತ್ರಕ್ಕೆ ಹೇಗೆ ಬೇಕಾದರೂ ಒಯ್ಯಬಹುದು ಅಂತಲ್ಲ. 2002ರ ಪೆಟ್ರೋಲಿಯಂ ನಿಯಮಗಳು ಬೇರೆ ಇವೆ. ಬಂಕಿನವರು ಕ್ಯಾನಿಗೆ ಹಾಕಲ್ಲ ಅಂದರೆ ಜಗಳಕ್ಕೆ ನಿಲ್ಲಬೇಡಿ. ಕೆಲವು ಸಲ ಜಿಲ್ಲಾಡಳಿತವೇ ತಡೆದಿರ್ತದೆ.

ಪೆಟ್ರೋಲಿನ ಲೆಕ್ಕವೇ ಬೇರೆ. ಕಳೆ ಕೊಚ್ಚುವ ಯಂತ್ರಕ್ಕೆ, ಪವರ್ ಸ್ಪ್ರೇಯರಿಗೆ ಅಂತ ತರ್ತೀವಲ್ಲ, ಅದು ‘ಎ’ ವರ್ಗ. ಮಾರಾಟಕ್ಕಲ್ಲದೆ ಸ್ವಂತಕ್ಕೆ 30 ಲೀಟರ್ ಮಾತ್ರ, ಅದೂ ಬಿಗಿ ಮುಚ್ಚಳದ, 25 ಲೀಟರ್ ಮೀರದ ಲೋಹದ ಪಾತ್ರೆಯಲ್ಲಿ. ನೀರಿನ ಬಾಟಲಿಯಲ್ಲಿ ತರುವವರು ಇದನ್ನು ಕೇಳಿಸಿಕೊಳ್ಳಬೇಕು.

“ಡೀಸೆಲ್ಲಿಗೆ ಕಡ್ಡಿ ಗೀರಿ ಹಾಕಿದರೂ ಹತ್ತಲ್ಲ ಬಿಡ್ರಿ” ಅನ್ನೋ ಮಾತು ನಮ್ಮಲ್ಲಿ ಬಹಳ ಇದೆ. ತಣ್ಣಗಿದ್ದಾಗ ಅದು ಸುಲಭಕ್ಕೆ ಹತ್ತಲ್ಲ, ನಿಜ. ಕಾದ ಡೀಸೆಲ್ಲಿನಿಂದ ಆವಿ ಏಳ್ತದೆ, ಕಿಡಿ ತಾಗಿದರೆ ಹತ್ತುವುದು ಆ ಆವಿ. ಹಾಗೆ ಹತ್ತುವ ಮಟ್ಟ 35 ಡಿಗ್ರಿಗಿಂತ ಕಡಿಮೆ ಇರಬಾರದು ಅಂತ ಭಾರತೀಯ ಮಾನಕ ಹೇಳ್ತದೆ. ಏಪ್ರಿಲ್ ಬಿಸಿಲಲ್ಲಿ ನಿಂತ ಲಾರಿಯ ಕ್ಯಾಬಿನ್ ಎಷ್ಟು ಕಾಯ್ತದೆ ಅಂತ ನಾನು ಹೇಳಬೇಕಿಲ್ಲ. ಮೇಲಾಗಿ, ಸೋರಿದ ಡೀಸೆಲ್ ಗೋಣಿಚೀಲಕ್ಕೆ ಇಳಿದರೆ ಆ ಚೀಲವೇ ದೀಪದ ಬತ್ತಿ ಆಗ್ತದೆ. ಒಣ ಮೆಣಸಿನಕಾಯಿ ಹೊತ್ತ ಲಾರಿಯಲ್ಲಿ ಉಳಿದದ್ದನ್ನು ನೀವೇ ಯೋಚಿಸಿ.

ಆದ್ದರಿಂದ ಕ್ಯಾನು ಕ್ಯಾಬಿನ್ನಿನಲ್ಲೂ ಬೇಡ, ಚೀಲಗಳ ನಡುವೆಯೂ ಬೇಡ. ಲಾರಿಯ ಹೊರಮಗ್ಗುಲಲ್ಲಿ, ಸೈಲೆನ್ಸರ್, ಬ್ಯಾಟರಿ ಇಲ್ಲದ ಕಡೆ, ಕಬ್ಬಿಣದ ಚೌಕಟ್ಟು ಮಾಡಿಸಿ ಪಟ್ಟಿಯಿಂದ ಬಿಗಿಯಬೇಕು. 20 ಲೀಟರಿನ ಕ್ಯಾನು ಹದಿನೇಳು ಕೆಜಿ ಆಗ್ತದೆ, ಬ್ರೇಕ್ ಹೊಡೆದಾಗ ಸುಮ್ಮನೆ ಕೂರಲ್ಲ. ಇಂಧನಕ್ಕೆಂದೇ ಮಾಡಿದ, ವಾಷರ್ ಇರುವ ಮುಚ್ಚಳದ ಕ್ಯಾನು ತಗೊಳ್ಳಿ. ಔಷಧಿ ಕ್ಯಾನು, ಎಣ್ಣೆ ಡಬ್ಬಿ ಬೇಡ. ಹಾಲಿನ ಕ್ಯಾನಂತೂ ಬೇಡವೇ ಬೇಡ, ಡೈರಿಯಲ್ಲಿ ಮೊದಲು ಮೂಗಿಗೆ ಬಡಿಯೋದು ಅದೇ! ತುಂಬಿಸುವಾಗ ಕ್ಯಾನು ನೆಲದ ಮೇಲಿರಲಿ. ಲಾರಿ ಮೇಲಿಟ್ಟು ತುಂಬಿದರೆ ಸ್ಥಿರ ವಿದ್ಯುತ್ತಿನ ಕಿಡಿ ಹಾರಬಹುದು. ಗಂಟಲಮಟ್ಟ ತುಂಬಬೇಡಿ, ಬಿಸಿಲಿಗೆ ಡೀಸೆಲ್ ಹಿಗ್ಗುತ್ತದೆ. 20 ಲೀಟರಿಗೆ ಒಂದು ಲೀಟರಿನಷ್ಟು ಜಾಗ ಬಿಡಿ.

2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಲಾರಿಗಳಲ್ಲಿ ಡಿಇಎಫ್ ಎಂಬ ಇನ್ನೊಂದು ಕ್ಯಾನು ಇರ್ತದೆ. ಅದು ಯೂರಿಯಾ ಬೆರೆಸಿದ ನೀರು. ಗೊಬ್ಬರದ ಯೂರಿಯಾ ಕಲಸಿ ಹಾಕಿದರೆ ನಡೆಯಲ್ಲ. ಕತ್ತಲಲ್ಲಿ ಕ್ಯಾನು ಅದಲುಬದಲಾಗಿ ಅದು ಡೀಸೆಲ್ ಟ್ಯಾಂಕಿಗೆ ಬಿದ್ದರೆ ಪಂಪು, ಇಂಜೆಕ್ಟರ್ ಎಲ್ಲಾ ಕೆಡ್ತಾವೆ. ಎರಡಕ್ಕೂ ದೊಡ್ಡ ಅಕ್ಷರದಲ್ಲಿ ಹೆಸರು ಬರೆಸಿ.

ಕ್ಯಾನಿನ ಗೋಜೇ ಬೇಡ ಅಂತ ಗ್ಯಾರೇಜಿನಲ್ಲಿ ಎರಡನೇ ಟ್ಯಾಂಕ್ ಬೆಸುಗೆ ಹಾಕಿಸುವವರಿದ್ದಾರೆ. ಕಂಪನಿ ಕೊಟ್ಟ ವಾಹನವನ್ನು ಹಾಗೆಲ್ಲ ಬದಲಾಯಿಸಲು 1988ರ ಮೋಟಾರು ವಾಹನ ಕಾಯ್ದೆ ಬಿಡಲ್ಲ. ಅಪಘಾತವಾದರೆ ವಿಮೆಯವರು ಮೊದಲು ನೋಡುವುದೂ ಅದನ್ನೇ.

ಇನ್ನು ಮುಂದೆ ಸಂಘದ ಮಾಲಿಗೆ ಲಾರಿ ಗೊತ್ತು ಮಾಡುವಾಗ, ಬಾಡಿಗೆ ಮಾತಿನ ಜೊತೆಗೇ ಕ್ಯಾಬಿನ್ ನೋಡೋಣ ಅಂತ ಆಡಳಿತ ಮಂಡಳಿಯ ಮುಂದೆ ಇಡ್ತಿದ್ದೇನೆ. ಒಳಗೆ ಕ್ಯಾನಿದ್ದರೆ ಅದು ಕೆಳಗಿಳಿದ ಮೇಲೆಯೇ ಲೋಡು. ಪುಡಿ ತುಂಬಿದ ಬೆಂಕಿ ನಂದಿಸುವ ಸಿಲಿಂಡರ್ ಡ್ರೈವರ್ ಕೈಗೆ ಸಿಗುವಂತಿರಬೇಕು, ಒಂದು ಬಕೆಟ್ ಮರಳೂ ಇರಲಿ. ಉರಿಯುವ ಡೀಸೆಲ್ಲಿಗೆ ನೀರು ಸುರಿಯಬಾರದು, ಅದು ನೀರಿನ ಮೇಲೆ ತೇಲಿಕೊಂಡು ಉರಿಯುತ್ತಲೇ ಹರಡ್ತದೆ.